‘ನೆಟ್ ಹೋಯ್ತು’ ಅಂದಾಗ ನಿಜಕ್ಕೂ ಹೋಗಿದ್ದೇನು?

ನನ್ನ ತಂಗಿ ಮನೆಯಲ್ಲೇ ಕೂತು, ಕೈಯಲ್ಲಿ ಹೊಲಿದ ಡೈರಿಗಳನ್ನು ಮಾರುತ್ತಾಳೆ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಊಟದ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್, ಪಕ್ಕದಲ್ಲಿ ಒಂದು ಫೋನು, ಅಷ್ಟೇ. ಒಂದು ದಿನ ಬೆಳಿಗ್ಗೆ ಯಾರೋ ಗಿರಾಕಿ ಒಟ್ಟಿಗೆ ಹನ್ನೆರಡು ಡೈರಿ ಕೇಳಿದರು. ‘ಆಯ್ತು, ಯಾವ ಬಣ್ಣ?’ ಅಂತ ಇವಳು ಟೈಪ್ ಮಾಡಿ ಕಳಿಸಿದಳು. ಮೆಸೇಜಿನ ಪಕ್ಕದಲ್ಲಿ ಟಿಕ್ ಬರಲಿಲ್ಲ. ಪುಟ್ಟ ಗಡಿಯಾರದ ಚಿತ್ರ ಬಂದು ಕೂತುಬಿಟ್ಟಿತು.

ಆಮೇಲೆ ಎರಡು ಗಂಟೆ ನಾವಿಬ್ಬರೂ ಮಾಡಿದ್ದು ಒಂದೇ ಕೆಲಸ: ಕಂಪನಿಯವರನ್ನು ಬೈಯುವುದು. ತಪ್ಪು ಎಲ್ಲಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಸ್ವಲ್ಪ ನಾಚಿಕೆಯ ವಿಷಯ ಅದು.

‘ಕರೆಂಟ್ ಹೋಯ್ತು’ ಅನ್ನುವ ಹಾಗೆ ‘ನೆಟ್ ಹೋಯ್ತು’ ಅಂತೀವಿ. ಆದರೆ ಕರೆಂಟ್ ಇದೆಯೋ ಇಲ್ಲವೋ ಅಂತ ಒಂದು ಬಲ್ಬು ಹೇಳಿಬಿಡುತ್ತದೆ. ನೆಟ್ ಹಾಗಲ್ಲ. ಅದು ಒಂದು ವಸ್ತುವೇ ಅಲ್ಲ, ಹತ್ತಾರು ಜನರ ಕೈದಾಟುವ ಒಂದು ಕೆಲಸ. ಯಾವ ಕೈಯಲ್ಲಿ ತಪ್ಪಿತು ಅಂತ ಗೊತ್ತಾದರೆ ಮುಂದೇನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ರೂಟರನ್ನು ಆಫ್ ಮಾಡಿ ಆನ್ ಮಾಡುತ್ತಾ ಕೂರಬೇಕು.

ಒಂದು ಆರ್ಡರ್ ಸಾಗುವ ದಾರಿ

ಗಿರಾಕಿಯೊಬ್ಬರು ‘ಖರೀದಿಸಿ’ ಅನ್ನುವ ಗುಂಡಿ ಒತ್ತುತ್ತಾರೆ. ಆ ಸುದ್ದಿ ನಿಮ್ಮ ಮನೆಗೆ ನೇರವಾಗಿ ಬರುವುದಿಲ್ಲ. ಮೊದಲು ಒಂದು ಡೇಟಾ ಸೆಂಟರಿಗೆ ಹೋಗುತ್ತದೆ. ನಿಮ್ಮ ಮಾರಾಟದ ಪುಟ ನಿಜವಾಗಿ ಇರುವುದು ಅಲ್ಲಿ, ಸಾವಿರಾರು ಕಂಪ್ಯೂಟರುಗಳು ಕೂತಿರುವ ಆ ಕಟ್ಟಡದಲ್ಲಿ. ಅಲ್ಲಿಂದ ದೊಡ್ಡ ಕೇಬಲ್‌ಗಳ ಮೂಲಕ ನಿಮ್ಮ ನೆಟ್ ಕಂಪನಿಯ ಜಾಲಕ್ಕೆ ಬರುತ್ತದೆ. ಆಮೇಲೆ ನಿಮ್ಮ ಬಡಾವಣೆಯ ಎಕ್ಸ್‌ಚೇಂಜ್, ಅಲ್ಲಿಂದ ಬೀದಿಯ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಒಂದೇ ಫೈಬರ್ ಎಳೆಯ ಬೆಳಕನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಅಲ್ಲಿಂದ ನಿಮ್ಮ ಗೋಡೆಯ ಮೇಲಿನ ಡಬ್ಬಿ, ರೂಟರ್, ಕೊನೆಗೆ ನಿಮ್ಮ ಫೋನು.

ಇದರಲ್ಲಿ ಒಂದು ಸಮಾಧಾನದ ವಿಷಯ ಇದೆ. ನಿಮ್ಮ ಮನೆಯಲ್ಲಿ ನೆಟ್ ಹೋದರೂ ನಿಮ್ಮ ಮಾರಾಟದ ಪುಟ ಜಗತ್ತಿಗೆ ತೆರೆದೇ ಇರುತ್ತದೆ. ಆರ್ಡರ್‌ಗಳು ಬರುತ್ತಲೇ ಇರುತ್ತವೆ, ನಿಮಗೆ ಕಾಣುವುದಿಲ್ಲ ಅಷ್ಟೇ. ಅಂಗಡಿಯ ಬಾಗಿಲು ತೆಗೆದಿದೆ, ಯಜಮಾನ ಮಾತ್ರ ಹೊರಗೆ ಸಿಕ್ಕಿಹಾಕಿಕೊಂಡಿದ್ದಾನೆ ಅಂದುಕೊಳ್ಳಿ. ಡೇಟಾ ಸೆಂಟರೇ ಕೈಕೊಟ್ಟರೆ ಉಲ್ಟಾ. ನಿಮ್ಮ ಮನೆಯಲ್ಲಿ ನೆಟ್ ಜೋರಾಗಿಯೇ ಓಡುತ್ತಿರುತ್ತದೆ, ಅಂಗಡಿ ಮಾತ್ರ ಮುಚ್ಚಿರುತ್ತದೆ. ಎರಡಕ್ಕೂ ನಾವು ಹೇಳುವುದು ‘ನೆಟ್ ಹೋಯ್ತು’ ಅಂತಲೇ.

ಮೊದಲು ಮನೆಯೊಳಗೆ ನೋಡಿ

ಫೈಬರ್ ಬರುವ ಡಬ್ಬಿಗೆ ಓಎನ್‌ಟಿ ಅಂತಾರೆ. ಬೆಳಕಿನ ರೂಪದಲ್ಲಿ ಬಂದ ಸುದ್ದಿಯನ್ನು ವಿದ್ಯುತ್ತಿನ ರೂಪಕ್ಕೆ ಬದಲಿಸುವುದು ಅದರ ಕೆಲಸ. ಎಷ್ಟೋ ಮನೆಗಳಲ್ಲಿ ಇದೂ ರೂಟರೂ ಒಂದೇ ಡಬ್ಬಿಯಲ್ಲಿ ಇರುತ್ತವೆ. ಅದರ ಮೇಲೆ ಸಾಲಾಗಿ ದೀಪಗಳಿವೆ, ಅಲ್ವಾ? ಅದರಲ್ಲಿ ‘ಎಲ್‌ಓಎಸ್’ ಅಂತ ಬರೆದಿರುವ ದೀಪವನ್ನು ಗುರುತು ಇಟ್ಟುಕೊಳ್ಳಿ. ‘ಬೆಳಕು ಬರುತ್ತಿಲ್ಲ’ ಅನ್ನುವುದರ ಇಂಗ್ಲಿಷ್ ಚುಟುಕು ಅದು. ಕೆಂಪಗೆ ಮಿಣುಕುತ್ತಿದ್ದರೆ ತಪ್ಪು ಡಬ್ಬಿಯಿಂದ ಹೊರಗೆ, ವೈರಿನ ದಾರಿಯಲ್ಲಿ ಇದೆ. ಎಷ್ಟು ಸಲ ಆಫ್ ಆನ್ ಮಾಡಿದರೂ ಪ್ರಯೋಜನ ಇಲ್ಲ. ಅದು ಆರಿಯೇ ಇದ್ದು, ಉಳಿದ ದೀಪಗಳೂ ಸರಿ ಇದ್ದು, ನೆಟ್ ಮಾತ್ರ ಬರದಿದ್ದರೆ ಬೆಳಕು ಬರುತ್ತಿದೆ ಅಂತ ಅರ್ಥ. ಆಗ ತೊಂದರೆ ಕಂಪನಿಯ ಒಳಗೋ ನಿಮ್ಮ ರೂಟರಿನ ಸೆಟ್ಟಿಂಗಿನಲ್ಲೋ ಇರಬಹುದು.

ನಮ್ಮ ಮನೆಯಲ್ಲಿ ಆ ದಿನ ಎಲ್‌ಓಎಸ್ ಕೆಂಪಗಿತ್ತು. ‘ಎಲ್ಲೋ ರಸ್ತೆ ಅಗೆದಿದ್ದಾರೆ’ ಅಂತ ನಾನು ಗ್ಯಾರಂಟಿಯಾಗಿ ಹೇಳಿಬಿಟ್ಟೆ. ಸಂಜೆ ರಿಪೇರಿಯ ಹುಡುಗ ಬಂದ. ವೈರ್ ಹಿಡಿದುಕೊಂಡು ಗೋಡೆಗುಂಟ ನಡೆದ. ಕಪಾಟಿನ ಹತ್ತಿರ ನಿಂತು, ‘ಇದನ್ನು ಯಾವಾಗ ಸರಿಸಿದ್ರಿ?’ ಅಂದ. ಹಿಂದಿನ ರಾತ್ರಿ ಗುಡಿಸಲು ಅಂತ ಸರಿಸಿ, ವಾಪಸ್ ತಳ್ಳುವಾಗ ಫೈಬರಿನ ಮೇಲೇ ತಳ್ಳಿದ್ದೆವು. ಎಳೆ ತುಂಡಾಗಿರಲಿಲ್ಲ, ಮಡಚಿಕೊಂಡಿತ್ತು ಅಷ್ಟೇ.

ಮಡಚಿದರೆ ಸಾಕೇ? ಸಾಕು. ಫೈಬರ್ ಅಂದರೆ ಗಾಜಿನ ಎಳೆ, ದಪ್ಪ ಕೂದಲಿನಷ್ಟು. ಬೆಳಕು ಓಡುವುದು ಅದರ ನಡುವಿನ ತಿರುಳಿನಲ್ಲಿ. ಆ ತಿರುಳು ಇನ್ನೂ ಸಣ್ಣದು, ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ತುಸು ಕಡಿಮೆ. ಬೆಳಕು ಆ ತಿರುಳಿನ ಅಂಚಿನಿಂದ ಒಳಕ್ಕೇ ತಿರುಗುತ್ತಾ ಮುಂದೆ ಹೋಗುತ್ತದೆ. ಎಳೆಯನ್ನು ತೀರಾ ಬಗ್ಗಿಸಿದರೆ ಕೋನ ತಪ್ಪಿ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಕಿತ್ತುಬಂದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಓಡುವುದು ಕಣ್ಣಿಗೆ ಕಾಣದ ಬೆಳಕು. ಕಾಣುತ್ತಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ.

ಕರೆಂಟಿನ ವಿಷಯವೂ ಇಲ್ಲೇ ಬರುತ್ತದೆ. ಹಳೇ ಕಾಲದ ತಂತಿ ಫೋನು ಕರೆಂಟ್ ಹೋದಾಗಲೂ ಕೆಲಸ ಮಾಡುತ್ತಿತ್ತು, ನೆನಪಿದೆಯಾ? ಎಕ್ಸ್‌ಚೇಂಜಿನಿಂದಲೇ ತಾಮ್ರದ ತಂತಿಯಲ್ಲಿ ಸುಮಾರು 48 ವೋಲ್ಟ್ ಬರುತ್ತಿತ್ತು, ಫೋನಿಗೆ ಅದೇ ಸಾಕಿತ್ತು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಗಾಗಿ ಫೈಬರ್ ಬಂದ ಮೇಲೆ ಮನೆಯ ಡಬ್ಬಿಗೆ ಮನೆಯ ಕರೆಂಟೇ ಬೇಕು. ಕಂಪನಿಯ ಕಡೆ ಎಲ್ಲಾ ಸರಿ ಇದ್ದರೂ ನಿಮ್ಮ ಪ್ಲಗ್ಗಿನಲ್ಲಿ ಕರೆಂಟ್ ಇಲ್ಲದಿದ್ದರೆ ನೆಟ್ ಇಲ್ಲ.

ಆ ಎರಡು ಗಂಟೆ ತಂಗಿಯ ಫೋನಿನಲ್ಲಿ ಮೊಬೈಲ್ ಡೇಟಾ ಇತ್ತು! ಮೆಸೇಜ್ ಯಾಕೆ ಹೋಗಲಿಲ್ಲ ಅಂದರೆ, ಫೋನು ವೈಫೈ ಹಿಡಿದುಕೊಂಡೇ ಕೂತಿತ್ತು. ವೈಫೈ ಅಂದರೆ ಫೋನಿಂದ ರೂಟರ್‌ವರೆಗಿನ ದಾರಿ ಮಾತ್ರ. ರೂಟರಿನ ಆಚೆ ದಾರಿ ಕಡಿದಿದ್ದರೂ ವೈಫೈ ಗುರುತು ಜೋರಾಗಿಯೇ ಕಾಣಬಹುದು. ಕೆಲವು ಫೋನುಗಳು ತಾವೇ ಮೊಬೈಲ್ ಡೇಟಾಗೆ ಬದಲಾಗುತ್ತವೆ, ಕೆಲವು ಆಗುವುದಿಲ್ಲ. ವೈಫೈ ಆಫ್ ಮಾಡಿ ನೋಡುವುದಕ್ಕೆ ಹತ್ತು ಸೆಕೆಂಡ್ ಸಾಕು. ನಮಗೆ ಹೊಳೆದದ್ದು ಎರಡು ಗಂಟೆ ಆದ ಮೇಲೆ.

ರಸ್ತೆಯ ಕೆಳಗೆ, ಸಮುದ್ರದ ಅಡಿಯಲ್ಲಿ

ಮನೆಯಾಚೆ ಕೇಬಲ್‌ಗೆ ಇರುವ ದೊಡ್ಡ ಶತ್ರು ಹ್ಯಾಕರ್ ಅಲ್ಲ, ಹಾರೆ ಗುದ್ದಲಿ. ನೀರಿನ ಪೈಪಿಗೆ ಅಂತ ಅಗೆದವರು ನೆಟ್ಟಿನ ಕೇಬಲ್ ಕತ್ತರಿಸುತ್ತಾರೆ. 2011ರಲ್ಲಿ ಜಾರ್ಜಿಯಾ ದೇಶದಲ್ಲಿ ವಯಸ್ಸಾದ ಹೆಂಗಸೊಬ್ಬರು ತಾಮ್ರ ಸಿಗಬಹುದು ಅಂತ ನೆಲ ಅಗೆಯುವಾಗ ಫೈಬರ್ ಕೇಬಲ್ ಕಡಿದು, ಪಕ್ಕದ ಆರ್ಮೇನಿಯಾದಲ್ಲಿ ಹಲವು ಗಂಟೆ ಇಂಟರ್ನೆಟ್ ನಿಂತುಹೋಯಿತು ಅಂತ ವರದಿಯಾಗಿತ್ತು. ಫೈಬರಿನಲ್ಲಿ ಸಿಗುವುದು ಗಾಜು, ಪಾಪ.

ಖಂಡದಿಂದ ಖಂಡಕ್ಕೆ ಹೋಗುವ ಡೇಟಾ ಹೆಚ್ಚುಕಡಿಮೆ ಎಲ್ಲವೂ ಸಮುದ್ರದಡಿಯ ಕೇಬಲ್‌ಗಳಲ್ಲೇ ಹೋಗುತ್ತದೆ. ಉಪಗ್ರಹದ ಪಾಲು ತೀರಾ ಕಡಿಮೆ. ಆಳ ಸಮುದ್ರದಲ್ಲಿ ಈ ಕೇಬಲ್ ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 150ರಿಂದ 200 ಕಡೆ ಇವು ಕೆಡುತ್ತವೆ. ಹೆಚ್ಚಿನವು ಮೀನಿನ ಬಲೆಯಿಂದ, ಹಡಗಿನ ಲಂಗರಿನಿಂದ. ದೊಡ್ಡ ದೇಶಗಳಿಗೆ ಹಲವು ಕೇಬಲ್‌ಗಳಿರುವುದರಿಂದ ಒಂದು ತುಂಡಾದರೆ ನಮಗೆ ಗೊತ್ತಾಗುವುದು ಸ್ವಲ್ಪ ನಿಧಾನ ಆಯಿತು ಅಂತ ಮಾತ್ರ. ಟೋಂಗಾ ದ್ವೀಪಗಳಿಗೆ ಹೊರಜಗತ್ತಿನ ಕೊಂಡಿಯಾಗಿ ಇದ್ದದ್ದು ಒಂದೇ ಕೇಬಲ್. 2022ರ ಜನವರಿ 15ರಂದು ಜ್ವಾಲಾಮುಖಿ ಸಿಡಿದಾಗ ಅದು ಹೋಯಿತು. ಸರಿಯಾಗಲು ಸುಮಾರು ಐದು ವಾರ ಬೇಕಾಯಿತು.

ವೈರ್ ಸರಿ ಇದೆ, ವಿಳಾಸ ಕಳೆದಿದೆ

ಎಲ್ಲಾ ಕೇಬಲ್ ಗಟ್ಟಿಯಾಗಿಯೇ ಇದ್ದು ನೆಟ್ ಹೋಗುವುದೂ ಇದೆ. ಇದನ್ನು ಅರ್ಥ ಮಾಡಿಕೊಳ್ಳಲು ಎರಡು ಪದ ಗೊತ್ತಿರಬೇಕು.

ಒಂದು ಡಿಎನ್‌ಎಸ್. ನಾವು ಪುಟದ ಹೆಸರು ಟೈಪ್ ಮಾಡುತ್ತೇವೆ, ಕಂಪ್ಯೂಟರಿಗೆ ಬೇಕಾಗಿರುವುದು ನಂಬರು. ಹೆಸರು ಹೇಳಿದರೆ ನಂಬರು ಹುಡುಕಿಕೊಡುವ ವ್ಯವಸ್ಥೆ ಡಿಎನ್‌ಎಸ್. ಫೋನಿನ ಕಾಂಟ್ಯಾಕ್ಟ್ ಲಿಸ್ಟ್ ಇದ್ದ ಹಾಗೆ. ಲಿಸ್ಟ್ ಅಳಿಸಿಹೋದರೆ ನಿಮ್ಮ ಗೆಳೆಯ ಮನೆಯಲ್ಲೇ ಇದ್ದರೂ ನೀವು ಕರೆ ಮಾಡಲಾರಿರಿ.

ಇನ್ನೊಂದು ಬಿಜಿಪಿ. ಇಂಟರ್ನೆಟ್ ಅಂದರೆ ಸಾವಿರಾರು ಕಂಪನಿಗಳ ಬೇರೆ ಬೇರೆ ಜಾಲಗಳು ಸೇರಿ ಆದದ್ದು. ‘ಈ ನಂಬರುಗಳಿಗೆ ಹೋಗಬೇಕಾದರೆ ನನ್ನ ಕಡೆ ಬನ್ನಿ’ ಅಂತ ಒಂದು ಜಾಲ ಇನ್ನೊಂದಕ್ಕೆ ಹೇಳುವ ಪದ್ಧತಿ ಬಿಜಿಪಿ. ಕೂಡುರಸ್ತೆಯಲ್ಲಿ ನೆಟ್ಟ ಕೈಕಂಬ ಅಂತಿಟ್ಟುಕೊಳ್ಳಿ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಜಗತ್ತಿನಿಂದಲೇ ಮಾಯವಾದವು. ದಿನನಿತ್ಯದ ನಿರ್ವಹಣೆಯ ಹೊತ್ತಲ್ಲಿ ಕೊಟ್ಟ ಒಂದು ಕಮಾಂಡ್ ಅವರ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತು. ಅಂಥ ಕಮಾಂಡನ್ನು ತಡೆಯಬೇಕಿದ್ದ ಸಾಫ್ಟ್‌ವೇರಿನಲ್ಲೂ ದೋಷ ಇತ್ತು. ಅವರ ಡಿಎನ್‌ಎಸ್ ಸರ್ವರುಗಳು ‘ನಮಗೇ ಡೇಟಾ ಸೆಂಟರ್ ಸಿಗುತ್ತಿಲ್ಲ, ನಮ್ಮ ಕಡೆ ಬರಬೇಡಿ’ ಅಂತ ಕೈಕಂಬಗಳನ್ನು ತಾವೇ ಕಿತ್ತುಕೊಂಡವು. ಆ ಮೂರರಲ್ಲೇ ವ್ಯಾಪಾರ ಮಾಡುತ್ತಿದ್ದವರ ಕಥೆ ಯೋಚಿಸಿ. ಗಿರಾಕಿಗಳ ಫೋನ್ ನಂಬರ್ ಬೇರೆಲ್ಲೂ ಬರೆದಿಟ್ಟಿರದಿದ್ದರೆ, ‘ಸ್ವಲ್ಪ ಕಾಯಿರಿ’ ಅಂತ ಹೇಳಲೂ ದಾರಿ ಇಲ್ಲ.

ನನಗೆ ಇದಕ್ಕಿಂತ ಹೆಚ್ಚು ಪಾಠ ಕಾಣುವುದು ಕೆನಡಾದ ಘಟನೆಯಲ್ಲಿ. 2022ರ ಜುಲೈ 8ರಂದು ಅಲ್ಲಿನ ರೋಜರ್ಸ್ ಕಂಪನಿಯ ಮೊಬೈಲ್ ಮತ್ತು ಮನೆಯ ನೆಟ್ ಎರಡೂ ಒಟ್ಟಿಗೆ ಬಿದ್ದವು. ತೊಂದರೆಗೆ ಸಿಕ್ಕವರು 1.2 ಕೋಟಿಗೂ ಹೆಚ್ಚು ಗ್ರಾಹಕರು. ಕಾರಣ, ಅಪ್‌ಗ್ರೇಡ್ ಮಾಡುವಾಗ ಒಂದು ಫಿಲ್ಟರ್ ತೆಗೆದದ್ದು. ತಡೆ ಇಲ್ಲದೆ ದಾರಿಗಳ ಮಾಹಿತಿ ಒಮ್ಮೆಲೇ ನುಗ್ಗಿ ನಡುವಿನ ರೂಟರುಗಳು ಕುಸಿದವು. ದೇಶದ ಡೆಬಿಟ್ ಪಾವತಿ ವ್ಯವಸ್ಥೆ ಇಂಟರ್ಯಾಕ್ ಕೂಡ ನಿಂತಿತು, ಅದೂ ಇದೇ ಜಾಲವನ್ನು ನೆಚ್ಚಿಕೊಂಡಿತ್ತು. ಇನ್ನೂ ಒಂದು ಇದೆ. ಕಂಪನಿಯ ಸಿಬ್ಬಂದಿಯ ಫೋನುಗಳೂ ಅದೇ ಕಂಪನಿಯವು. ಹಾಗಾಗಿ ರಿಪೇರಿ ಮಾಡಬೇಕಾದವರೇ ಒಬ್ಬರಿಗೊಬ್ಬರು ಮಾತಾಡಲು ಆಗಲಿಲ್ಲ. ಬೇರೆ ಕಂಪನಿಗಳ ಸಿಮ್ ಕಾರ್ಡ್ ತರಿಸಿ ಕಳಿಸಬೇಕಾಯಿತು! ಮನೆಯ ನೆಟ್ಟೂ ಮೊಬೈಲೂ ಒಂದೇ ಕಂಪನಿಯದ್ದು ತಗೊಂಡರೆ ಬಿಲ್ ಕಡಿಮೆ ಬರಬಹುದು, ನಿಜ. ಆದರೆ ಅವು ಎರಡು ದಾರಿ ಅಲ್ಲ.

ಬಾಡಿಗೆ ಅಂಗಡಿಯ ಕಟ್ಟಡವೇ ಕೆಟ್ಟರೆ

ಮಾರಾಟದ ಪುಟಗಳು, ಪಾವತಿಯ ಆ್ಯಪ್‌ಗಳು, ಕೊರಿಯರ್ ಬುಕ್ ಮಾಡುವ ತಾಣಗಳು ಬಹುಪಾಲು ಯಾರದೋ ಕಂಪ್ಯೂಟರಿನಲ್ಲಿ ಬಾಡಿಗೆಗೆ ಇರುತ್ತವೆ. ಇದನ್ನೇ ‘ಕ್ಲೌಡ್’ ಅನ್ನುವುದು. ಮೋಡ ಗೀಡ ಏನಿಲ್ಲ, ಕಾಂಕ್ರೀಟ್ ಕಟ್ಟಡ.

2025ರ ಅಕ್ಟೋಬರ್ 20ರಂದು ಅಮೆಜಾನಿನ ಕ್ಲೌಡ್ ಸೇವೆಯ ವರ್ಜೀನಿಯಾ ಕೇಂದ್ರದಲ್ಲಿ ಒಂದು ಡೇಟಾಬೇಸಿನ ಡಿಎನ್‌ಎಸ್ ವಿಳಾಸ ಖಾಲಿಯಾಯಿತು. ತಾನೇ ತಾನಾಗಿ ವಿಳಾಸ ಬದಲಿಸುವ ಎರಡು ಪ್ರೋಗ್ರಾಂಗಳು ಒಂದರ ಕೆಲಸವನ್ನು ಒಂದು ಅಳಿಸಿದ್ದು ಕಾರಣ. ಅಷ್ಟಕ್ಕೇ ಜಗತ್ತಿನ ಎಷ್ಟೋ ಆ್ಯಪ್‌ಗಳು ಗಂಟೆಗಟ್ಟಲೆ ಕೈಕೊಟ್ಟವು. 2021ರ ಜೂನ್ 8ರಂದು ಬೇರೆಯವರ ತಾಣಗಳ ಪುಟಗಳನ್ನು ಜನರಿಗೆ ಬೇಗ ತಲುಪಿಸಿಕೊಡುವ ಫಾಸ್ಟ್‌ಲಿ ಅನ್ನುವ ಕಂಪನಿಯ ಒಬ್ಬ ಗ್ರಾಹಕ, ನಿಯಮ ಮೀರದೇ ಮಾಡಿದ ಒಂದು ಸೆಟ್ಟಿಂಗ್ ಬದಲಾವಣೆ ಅಡಗಿದ್ದ ದೋಷವನ್ನು ಎಬ್ಬಿಸಿತು. ಅವರ ಜಾಲದ 85 ಶೇಕಡಾ ಭಾಗ ಪುಟದ ಬದಲು ದೋಷದ ಸಂದೇಶ ಕೊಡತೊಡಗಿತು. 49 ನಿಮಿಷದಲ್ಲಿ ಹೆಚ್ಚಿನದು ಸರಿಯಾಯಿತು ಅನ್ನಿ.

ಇಂಥ ದಿನ ನೀವು ಮಾಡಬಹುದಾದದ್ದು ಏನೂ ಇಲ್ಲ. ತಪ್ಪು ನಿಮ್ಮದಲ್ಲ ಅಂತ ಬೇಗ ತಿಳಿದುಕೊಳ್ಳುವುದೇ ಲಾಭ. ಬೇರೆ ನಾಲ್ಕು ತಾಣ ತೆರೆದು ನೋಡಿ. ಅವು ಬಂದು ನಿಮ್ಮ ಪುಟ ಮಾತ್ರ ಬರದಿದ್ದರೆ, ಮೊಬೈಲ್ ಡೇಟಾದಲ್ಲೂ ಬರದಿದ್ದರೆ, ತೊಂದರೆ ಆ ತುದಿಯಲ್ಲಿದೆ. ದೊಡ್ಡ ಸೇವೆಗಳು ತಮ್ಮ ಸ್ಥಿತಿ ಹೇಳುವ ಪುಟ ಇಟ್ಟಿರುತ್ತವೆ, ಡೌನ್‌ಡಿಟೆಕ್ಟರ್‌ನಂಥ ತಾಣಗಳಲ್ಲಿ ಜನರ ದೂರುಗಳೂ ಕಾಣುತ್ತವೆ.

ಈ ಕಂಪನಿಗಳು ‘99.9 ಶೇಕಡಾ ಹೊತ್ತು ನಡೆಯುತ್ತದೆ’ ಅಂತ ಜಾಹೀರಾತು ಕೊಡುತ್ತವೆ. ಕೇಳಲು ಜಾಸ್ತಿ ಅನ್ನಿಸುತ್ತದೆ. ವರ್ಷಕ್ಕೆ 8,760 ಗಂಟೆ. ಅದರಲ್ಲಿ ಸಾವಿರದಲ್ಲೊಂದು ಪಾಲು ಅಂದರೆ ಎಂಟೂಮುಕ್ಕಾಲು ಗಂಟೆ. ಅಷ್ಟು ಹೊತ್ತು ನಿಂತರೂ ಅವರ ಮಾತು ತಪ್ಪಿದಂತಲ್ಲ. ಆ ಗಂಟೆಗಳು ನಿಮ್ಮ ವರ್ಷದ ದೊಡ್ಡ ಮಾರಾಟದ ದಿನವೇ ಬರಬಾರದು ಅಂತ ಎಲ್ಲೂ ಬರೆದಿರುವುದಿಲ್ಲ. ಮನೆಯ ನೆಟ್ ಪ್ಲ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಇಷ್ಟು ಮಾತೂ ಇರುವುದಿಲ್ಲ. ಇಂತಿಷ್ಟು ಗಂಟೆಯಲ್ಲಿ ಸರಿ ಮಾಡುತ್ತೇವೆ ಅನ್ನುವ ಕರಾರು ಹೆಚ್ಚಾಗಿ ಕಚೇರಿಗಳಿಗೆ ಕೊಡುವ, ರೇಟು ಜಾಸ್ತಿ ಇರುವ ಪ್ಲ್ಯಾನ್‌ಗಳಲ್ಲಿ ಸಿಗುತ್ತದೆ.

ಮೊಬೈಲ್ ಸಿಗ್ನಲ್ ಹೋದರೆ

ಟವರ್ ಗಾಳಿಯಲ್ಲೇ ಎಲ್ಲವನ್ನೂ ಕಳಿಸುತ್ತದೆ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಗಾಳಿಯಲ್ಲಿ ಹೋಗುವುದು ಫೋನಿಂದ ಟವರ್‌ವರೆಗೆ ಮಾತ್ರ. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಮತ್ತೆ ಫೈಬರೇ, ಹಲವು ಸಲ ನಿಮ್ಮ ಮನೆಯ ನೆಟ್ ಬರುವ ಅದೇ ರಸ್ತೆಯ ಫೈಬರ್. ಹಾಗಾಗಿ ರಸ್ತೆಯಲ್ಲಿ ಅಗೆದ ಒಂದೇ ಗುಂಡಿ ಎರಡನ್ನೂ ಕೆಡಿಸಬಹುದು. ಕರೆಂಟ್ ಹೋದರೆ ಟವರ್ ಬ್ಯಾಟರಿ ಮೇಲೆ ಕೆಲವು ಗಂಟೆ ನಡೆಯುತ್ತದೆ. ಜನರೇಟರ್ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು.

ಇನ್ನೊಂದು ತಮಾಷೆ: ಬಡಾವಣೆಗೆಲ್ಲ ಮನೆಯ ನೆಟ್ ಹೋದಾಗ ಎಲ್ಲರೂ ಒಟ್ಟಿಗೆ ಹಾಟ್‌ಸ್ಪಾಟ್ ಆನ್ ಮಾಡುತ್ತಾರೆ. ಸಿಗ್ನಲ್ ಪೂರ್ತಿ ಕಾಣುತ್ತದೆ, ಪುಟ ತೆರೆಯುವುದಿಲ್ಲ. ಕಡ್ಡಿಗಳು ಹೇಳುವುದು ಟವರ್ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಅಂತ. ಅಲ್ಲಿ ಕ್ಯೂ ಎಷ್ಟು ಉದ್ದ ಇದೆ ಅಂತ ಅಲ್ಲ. ಇಂಥ ಹೊತ್ತಲ್ಲಿ ಎಸ್ಸೆಮ್ಮೆಸ್ ದಾಟಿಹೋಗುವ ಸಾಧ್ಯತೆ ಹೆಚ್ಚು, ಅದಕ್ಕೆ ಬೇಕಾದ ಜಾಗ ತೀರಾ ಕಡಿಮೆ. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡ ಲಿಪಿಯಲ್ಲಿ 70. ಒತ್ತು, ಕೊಂಬು, ಗುಣಿತ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಚಿಕ್ಕದಾಗಿ ಬರೆಯಿರಿ.

ವ್ಯಾಪಾರ ಮಾಡುವವರಿಗೆ ನಿಜವಾದ ಪೆಟ್ಟು ಓಟಿಪಿಯದು. ಮೊಬೈಲ್ ಜಾಲ ಬಿದ್ದರೆ ಓಟಿಪಿ ಬರುವುದಿಲ್ಲ. ಓಟಿಪಿ ಇಲ್ಲದಿದ್ದರೆ ನಿಮ್ಮದೇ ಮಾರಾಟದ ಖಾತೆಗೆ ನೀವು ಹೋಗಲಾರಿರಿ, ಮನೆಯ ನೆಟ್ ಚೆನ್ನಾಗಿ ಇದ್ದರೂ. ಇದಕ್ಕೆ ಅಥೆಂಟಿಕೇಟರ್ ಆ್ಯಪ್ ಒಳ್ಳೆಯ ಉಪಾಯ. ಒಂದು ಗುಟ್ಟಿನ ಕೀಲಿ ನಿಮ್ಮ ಫೋನಿನಲ್ಲೂ ಆ ತಾಣದಲ್ಲೂ ಇರುತ್ತದೆ. ಎರಡೂ ಕಡೆ ಆ ಕೀಲಿಗೆ ಗಡಿಯಾರದ ಹೊತ್ತನ್ನು ಸೇರಿಸಿ ಲೆಕ್ಕ ಮಾಡಿದರೆ ಒಂದೇ ಸಂಖ್ಯೆ ಬರುತ್ತದೆ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸದು. ಇದಕ್ಕೆ ಸಿಗ್ನಲ್ಲೂ ಬೇಡ, ನೆಟ್ಟೂ ಬೇಡ. ಅದರ ಜೊತೆ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಫೋನಿನಲ್ಲೇ ಫೋಟೋ ತೆಗೆದು ಇಟ್ಟುಕೊಂಡರೆ ಆ ಫೋನು ಹಾಳಾದ ದಿನ ಅದೂ ಹೋಗುತ್ತದೆ.

ದುಡ್ಡು ನಡುವೆ ಸಿಕ್ಕಿಕೊಂಡರೆ

ಗಿರಾಕಿಯ ಬ್ಯಾಂಕು, ಪಾವತಿ ಮಾಡಿಸುವ ಗೇಟ್‌ವೇ, ನಿಮ್ಮ ಬ್ಯಾಂಕು, ನಿಮ್ಮ ಮಾರಾಟದ ಪುಟ: ಒಂದು ಪಾವತಿಗೆ ಇಷ್ಟು ಜನ ಬೇಕು. ದುಡ್ಡು ಆ ಕಡೆ ಕಡಿತವಾಗಿ, ‘ಬಂತು’ ಅನ್ನುವ ಉತ್ತರ ವಾಪಸ್ ಬರುವಾಗ ಸಂಪರ್ಕ ಕಡಿದರೆ ‘ಬಾಕಿ ಇದೆ’ ಅಂತ ಕಾಣುತ್ತದೆ. ಅಂದರೆ ಪಾವತಿ ಆಗಿಲ್ಲ ಅಂತಲ್ಲ. ಆಗಿದೆಯೋ ಇಲ್ಲವೋ ಆ ಪರದೆಗೆ ಗೊತ್ತಿಲ್ಲ ಅಂತ.

ಇಲ್ಲಿ ಆಗುವ ಸಾಮಾನ್ಯ ತಪ್ಪು ‘ಇನ್ನೊಮ್ಮೆ ಕಳಿಸಿ’ ಅನ್ನುವುದು. ಮೊದಲನೆಯದೂ ಆಮೇಲೆ ಬಂದು ಸೇರುತ್ತದೆ. ಆಗ ವಾಪಸ್ ಕೊಡುವ ತಲೆನೋವು. ಹಾಗೇ ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ವಸ್ತು ಕಳಿಸುವುದೂ ಬೇಡ, ನಿಮ್ಮ ಖಾತೆಯಲ್ಲೇ ನೋಡಿ. ತಂಗಿ ಈಗ ಹೇಳುವುದು ಇಷ್ಟೇ: ‘ಆರ್ಡರ್ ಬರೆದುಕೊಂಡಿದ್ದೀನಿ, ನಿಮ್ಮ ಡೈರಿ ಎತ್ತಿಟ್ಟಿದ್ದೀನಿ. ದುಡ್ಡಿನ ವಿಷಯ ನೆಟ್ ಬಂದ ಮೇಲೆ ನೋಡೋಣ.’

ಎರಡನೇ ದಾರಿ ನಿಜಕ್ಕೂ ಬೇರೆಯೇ?

ಬ್ಯಾಕಪ್ ಇದೆ ಅನ್ನುವವರು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ. ಮೊದಲನೆಯದನ್ನು ಕೆಡಿಸಿದ ಕಾರಣ ಎರಡನೆಯದನ್ನೂ ಕೆಡಿಸುತ್ತದೆಯೇ? ಬೇರೆ ಕಂಪನಿಯ ಸಿಮ್ ಇದ್ದರೆ ಕಂಪನಿಯ ತಪ್ಪಿನಿಂದ ಪಾರಾಗುತ್ತೀರಿ. ಕರೆಂಟ್ ಹೋಗುವುದೇ ನಿಮ್ಮ ಮುಖ್ಯ ತೊಂದರೆ ಆದರೆ ರೂಟರಿಗೆ ಸಣ್ಣ ಯುಪಿಎಸ್ ಸಾಕು. ಮನೆಯ ರೂಟರುಗಳಲ್ಲಿ ಹೆಚ್ಚಿನವು 12 ವೋಲ್ಟಿನವು, ಎಳೆಯುವುದು ಸುಮಾರು 10 ವ್ಯಾಟ್. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಲೆಕ್ಕಕ್ಕೆ 74 ವ್ಯಾಟ್‌-ಗಂಟೆ ಇರುತ್ತದೆ. ನಷ್ಟ ಕಳೆದರೂ ಐದು ಗಂಟೆ ಹತ್ತಿರ ನಡೆಸಬಹುದು, 5 ವೋಲ್ಟನ್ನು 12ಕ್ಕೆ ಏರಿಸುವ ಕೇಬಲ್ ಹಾಕಿದರೆ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿ. ಓಎನ್‌ಟಿ ಬೇರೆ ಡಬ್ಬಿಯಾಗಿದ್ದರೆ ಅದಕ್ಕೂ ಬೇಕು. ಇದನ್ನು ಮರೆತು ರೂಟರಿಗಷ್ಟೇ ಹಾಕಿಸಿಕೊಂಡರೆ ವೈಫೈ ಇರುತ್ತದೆ, ನೆಟ್ ಇರುವುದಿಲ್ಲ.

ತೀರಾ ಸರಳವಾದದ್ದು ಕಾಗದ. ಬಾಕಿ ಇರುವ ಆರ್ಡರ್, ಗಿರಾಕಿಯ ಹೆಸರು, ಫೋನ್ ನಂಬರ್, ಕಳಿಸಬೇಕಾದ ವಿಳಾಸ. ದಿನಕ್ಕೆ ಒಂದು ಸಲ ಬರೆದರೆ, ಇಲ್ಲವೇ ಫೈಲಾಗಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡರೆ, ನೆಟ್ ಇಲ್ಲದ ದಿನ ಪ್ಯಾಕಿಂಗ್ ಕೆಲಸವಾದರೂ ನಡೆಯುತ್ತದೆ.

ನೆಟ್ ವಾಪಸ್ ಬಂದ ತಕ್ಷಣ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ: ತಡೆದ ಮೆಸೇಜ್‌ಗಳು, ಹಳೇ ಆರ್ಡರ್‌ಗಳು, ಬಾಕಿ ಪಾವತಿಗಳು. ಮೊದಲು ನೋಡಬೇಕಾದದ್ದು ದಾಸ್ತಾನು. ನೀವು ಕತ್ತಲಲ್ಲಿದ್ದಾಗ ಪುಟ ಮಾರುತ್ತಲೇ ಇದ್ದಿರಬಹುದು, ಇಲ್ಲದ ವಸ್ತುವನ್ನೂ. ಆ ಸಂಜೆ ಕಪಾಟು ಸರಿಸಿ, ಫೈಬರ್ ಬಿಡಿಸಿ, ದೀಪ ಹಸಿರಾದಾಗ ತಂಗಿಯ ಹತ್ತಿರ ಉಳಿದಿದ್ದದ್ದು ಒಂಬತ್ತು ನೀಲಿ ಡೈರಿ. ಪುಟದಲ್ಲಿ ಆ ಹೊತ್ತಿಗೆ ಹನ್ನೊಂದು ಮಾರಾಟವಾಗಿದ್ದವು. ಹನ್ನೆರಡು ಕೇಳಿದ್ದ ಗಿರಾಕಿಯೂ ಅಷ್ಟರಲ್ಲಿ ಬಣ್ಣ ಹೇಳಿದ್ದರು. ನೀಲಿ.